ಬಯಲುಸೀಮೆಯ ಗಾಜಿನ ತೊಟ್ಟಿಯಲ್ಲಿ ಆಕ್ಟೋಪಸ್

ಮನೆಯ ಪಡಸಾಲೆಯಲ್ಲಿ ಗಾಜಿನ ತೊಟ್ಟಿಯನ್ನಿಟ್ಟು ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸವು ಇಂದು ಮಹಾನಗರಗಳನ್ನು ದಾಟಿ ತಾಲ್ಲೂಕು ಕೇಂದ್ರಗಳಿಗೂ ಅವುಗಳ ಆಸುಪಾಸಿನ ಹಳ್ಳಿಗಳಿಗೂ ಬಂದಿದೆ. ಗಪ್ಪಿ, ಗೋಲ್ಡ್‌ಫಿಶ್, ಏಂಜೆಲ್ ಮುಂತಾದ ಸಿಹಿನೀರಿನ ಮೀನುಗಳಲ್ಲಿ ಕೈ ಪಳಗಿಸಿಕೊಂಡವರು ಕ್ರಮೇಣ ಉಪ್ಪುನೀರಿನ ತೊಟ್ಟಿಯ ಕಡೆಗೆ ತಿರುಗುವುದು ಸಹಜ; ಹಾಗೆ ತಿರುಗಿದವರಲ್ಲಿ ಕೆಲವರ ಆಸೆ ಎಂಟು ಬಾಹುಗಳ ಆಕ್ಟೋಪಸ್‌ನ ಮೇಲೆ ನೆಡುವುದೂ ಉಂಟು. 2010ರ ವಿಶ್ವಕಪ್ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ಜರ್ಮನಿಯ ಓಬರ್‌ಹೌಸೆನ್ ನಗರದ ಮತ್ಸ್ಯಾಲಯದಲ್ಲಿದ್ದ ಪಾಲ್ ಎಂಬ ಆಕ್ಟೋಪಸ್ ಆರಿಸಿದ ತಂಡಗಳೇ ಎಂಟು ಪಂದ್ಯಗಳಲ್ಲೂ ಗೆದ್ದಾಗ ಕನ್ನಡದ ಪತ್ರಿಕೆಗಳೂ ಆ ಪ್ರಾಣಿಯ ಚಿತ್ರವನ್ನು ಅಚ್ಚು ಹಾಕಿದ್ದವು. ದಕ್ಷಿಣ ಆಫ್ರಿಕದ ಕಡಲಿನಲ್ಲಿ ಒಬ್ಬ ಮನುಷ್ಯನಿಗೂ ಒಂದು ಆಕ್ಟೋಪಸ್‌ಗೂ ಬೆಳೆದ ಸಲುಗೆಯನ್ನು ಚಿತ್ರಿಸಿದ ‘ಮೈ ಆಕ್ಟೋಪಸ್ ಟೀಚರ್’ ಎಂಬ ಸಾಕ್ಷ್ಯಚಿತ್ರವು 2021ರಲ್ಲಿ ಆಸ್ಕರ್ ಪ್ರಶಸ್ತಿಯನ್ನು ಪಡೆದ ಮೇಲೆ ಈ ಪ್ರಾಣಿಯ ಬಗೆಗಿನ ಕುತೂಹಲವು ಲೋಕದಾದ್ಯಂತ ಪ್ರೀತಿಯಾಗಿ ಮಾರ್ಪಟ್ಟಿತು. ಪ್ರೀತಿ ಹುಟ್ಟಿದೊಡನೆ ಅದನ್ನು ಮನೆಗೆ ತರಬೇಕೆಂಬ ಬಯಕೆಯೂ ಹುಟ್ಟುತ್ತದೆ. ಆ ಬಯಕೆಯನ್ನು ಒಂದು ನಿರ್ದಿಷ್ಟ ಊರಿನ ನೀರು, ಗಾಳಿ, ವಿದ್ಯುತ್ತು ಮತ್ತು ಬೇಸಾಯದ ಹಿನ್ನೆಲೆಯಲ್ಲಿಟ್ಟು ಪರಿಶೀಲಿಸುವುದು ಈ ಭಾಷಣದ ಉದ್ದೇಶವಾಗಿದೆ.

ಆ ಊರು ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟ. 2001ರಲ್ಲಿ ಪುರಾತತ್ತ್ವಜ್ಞರು ನಡೆಸಿದ ಉತ್ಖನನದಲ್ಲಿ ದೊರೆತ ಬೌದ್ಧ ಚೈತ್ಯ ಮತ್ತು ವಿಹಾರದ ಅವಶೇಷಗಳಿಂದ ಹೆಸರಾದ ಈ ಊರು ಕಡಲಿನ ಲೆಕ್ಕದಲ್ಲಿ ವಿಶಿಷ್ಟ ಸ್ಥಾನದಲ್ಲಿದೆ. ಪಶ್ಚಿಮಕ್ಕೆ ಅರಬ್ಬೀ ಸಮುದ್ರವೂ ಪೂರ್ವಕ್ಕೆ ಬಂಗಾಳ ಕೊಲ್ಲಿಯೂ ಇಲ್ಲಿಂದ ನೇರ ಗೆರೆಯಲ್ಲಿ ಹೆಚ್ಚುಕಡಿಮೆ 300 ಕಿಲೋಮೀಟರ್ ದೂರದಲ್ಲಿವೆ; ಅಂದರೆ ಪರ್ಯಾಯ ದ್ವೀಪದ ಈ ಭಾಗದಲ್ಲಿ ಕಡಲಿನಿಂದ ಇದಕ್ಕಿಂತ ಬಹಳ ದೂರ ಹೋಗುವುದು ಕಷ್ಟ. ದೊಡ್ಡಬಳ್ಳಾಪುರದ ಸುತ್ತಣ ನೆಲವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಈ ದೂರ ಮತ್ತು ಈ ಎತ್ತರ ಎರಡೂ ಆಕ್ಟೋಪಸ್‌ನ ಬದುಕಿಗೆ ನೇರವಾಗಿ ಸಂಬಂಧಿಸಿದವುಗಳೆಂಬುದು ಮುಂದೆ ತಿಳಿಯುತ್ತದೆ.

ಆಕ್ಟೋಪಸ್ ಮೀನಲ್ಲ. ಬಸವನಹುಳು, ಕಪ್ಪೆಚಿಪ್ಪು ಮೊದಲಾದ ಮೂಳೆಯಿಲ್ಲದ ಮೆತ್ತನೆಯ ಪ್ರಾಣಿಗಳಿರುವ ಮೃದ್ವಂಗಿಗಳ ದೊಡ್ಡ ಬಳಗಕ್ಕೆ ಅದು ಸೇರುತ್ತದೆ. ಆ ಬಳಗದೊಳಗೆ ತಲೆಯಿಂದಲೇ ಬಾಹುಗಳು ಹೊರಟಿರುವ ಶಿರಪಾದಿಗಳೆಂಬ ಗುಂಪು ಅದರದು. ಕರಾವಳಿಯ ಮೀನು ಮಾರುಕಟ್ಟೆಗಳಲ್ಲಿ ಬೊಂಡಾಸ್ ಎಂದು ಮಾರುವ ಸ್ಕ್ವಿಡ್ ಅದರ ಹತ್ತಿರದ ನೆಂಟ. ಆಕ್ಟೋಪಸ್‌ಗೆ ಮೂರು ಹೃದಯಗಳಿದ್ದು, ಎರಡು ಹೃದಯಗಳು ರಕ್ತವನ್ನು ಕಿವಿರುಗಳಿಗೂ ಮೂರನೆಯದು ಉಳಿದ ದೇಹಕ್ಕೂ ತಳ್ಳುತ್ತವೆ. ಈಜುವಾಗ ಮೂರನೆಯ ಹೃದಯವು ನಿಂತುಬಿಡುವುದರಿಂದ ಈ ಪ್ರಾಣಿ ಈಜಿದರೆ ಬೇಗ ದಣಿಯುತ್ತದೆ ಮತ್ತು ಸಾಧ್ಯವಾದಷ್ಟು ಮಟ್ಟಿಗೆ ತಳದಲ್ಲಿ ತೆವಳುತ್ತಲೇ ಬದುಕುತ್ತದೆ. ಅದರ ರಕ್ತ ನೀಲಿ. ಮನುಷ್ಯನ ರಕ್ತದಲ್ಲಿ ಕಬ್ಬಿಣಾಂಶವುಳ್ಳ ಹೀಮೋಗ್ಲೋಬಿನ್ ಮಾಡುವ ಆಮ್ಲಜನಕ ಸಾಗಣೆಯ ಕೆಲಸವನ್ನು ಇದರ ರಕ್ತದಲ್ಲಿ ತಾಮ್ರದ ಅಂಶವುಳ್ಳ ಹೀಮೋಸಯನಿನ್ ಎಂಬ ವಸ್ತುವು ಮಾಡುತ್ತದೆ. ದೇಹದಲ್ಲಿ ಗಟ್ಟಿಯಾದ ದೊಡ್ಡ ಅಂಗವೆಂದರೆ ಗಿಳಿಯ ಕೊಕ್ಕನ್ನು ಹೋಲುವ ಬಾಯಿಯೊಂದೇ ಆದುದರಿಂದ, ಆ ಕೊಕ್ಕು ತೂರುವ ಕಿಂಡಿಯಲ್ಲಿ ಇಡೀ ಪ್ರಾಣಿಯೇ ತೂರಬಲ್ಲದು.

ಗಾಜಿನ ತೊಟ್ಟಿಗೂ ಆಕ್ಟೋಪಸ್ ಕುಲಕ್ಕೂ ಇರುವ ನಂಟು ಹೊಸದಲ್ಲ. ತೊಟ್ಟಿಯ ಇತಿಹಾಸವೇ ಈ ಕುಲದಿಂದ ಆರಂಭವಾಗುತ್ತದೆಂದರೆ ತಪ್ಪಾಗದು. ಫ್ರಾನ್ಸಿನ ಹಳ್ಳಿಯೊಂದರಲ್ಲಿ ಹುಟ್ಟಿ, ಹೊಲಿಗೆ ಕೆಲಸದಿಂದ ಬದುಕನ್ನು ಆರಂಭಿಸಿ, ಮದುವೆಯಾದ ಮೇಲೆ ಸಿಸಿಲಿ ದ್ವೀಪದ ಮೆಸ್ಸೀನಾ ನಗರದಲ್ಲಿ ನೆಲೆಸಿದ ಜಾನ್ ವಿಲ್‌ಪ್ರೂ-ಪವರ್ ಎಂಬ ಮಹಿಳೆಯು 1832ರಲ್ಲಿ ಕಡಲ ಜೀವಿಗಳನ್ನು ಬದುಕಿರುವಾಗಲೇ ಗಮನಿಸಲೆಂದು ಗಾಜಿನ ತೊಟ್ಟಿಯನ್ನು ರೂಪಿಸಿದಳು. ಆಕೆ ಅದರಲ್ಲಿ ಅಭ್ಯಸಿಸಿದ ಮುಖ್ಯ ಪ್ರಾಣಿ ಆರ್ಗೊನಾಟ್, ಅಂದರೆ ತೆಳುವಾದ ಬಿಳಿಯ ಚಿಪ್ಪಿನಲ್ಲಿ ವಾಸಿಸುವ ಒಂದು ಬಗೆಯ ಆಕ್ಟೋಪಸ್. ಆ ಚಿಪ್ಪನ್ನು ಅದು ಬೇರೆ ಪ್ರಾಣಿಯಿಂದ ಕಸಿದುಕೊಳ್ಳುತ್ತದೆಯೋ ತಾನೇ ಕಟ್ಟಿಕೊಳ್ಳುತ್ತದೆಯೋ ಎಂಬ ಹಳೆಯ ವಿವಾದವು ಪಂಡಿತರನ್ನು ಕಾಡುತ್ತಿದ್ದಾಗ, ಮುರಿದ ಚಿಪ್ಪನ್ನು ಅದು ತಾನೇ ಸರಿಪಡಿಸಿಕೊಳ್ಳುವುದನ್ನು ಆಕೆ ಕಣ್ಣಾರೆ ಕಂಡು, ಚಿಪ್ಪು ಅದರ ಸ್ವಂತ ನಿರ್ಮಾಣವೆಂದು ಸ್ಥಾಪಿಸಿದಳು. ವಿಶ್ವವಿದ್ಯಾಲಯದ ಬಾಗಿಲು ಹೆಂಗಸರಿಗೆ ಮುಚ್ಚಿದ್ದ ಕಾಲದಲ್ಲಿ ನಡೆದ ಈ ಕೆಲಸವನ್ನು ಮೀನಿನ ತೊಟ್ಟಿಯನ್ನಿಟ್ಟುಕೊಂಡ ಪ್ರತಿಯೊಬ್ಬರೂ ಅರಿತಿರಬೇಕು.

ಮುಂದೆ 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಮೊದಲ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. 1872ರಲ್ಲಿ ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಆರಂಭವಾದ ಮತ್ಸ್ಯಾಲಯಕ್ಕೆ ಆಕ್ಟೋಪಸ್‌ಗಳನ್ನು ನೋಡಲೆಂದೇ ಜನ ಮುಗಿಬಿದ್ದರು. ಅಲ್ಲಿಯ ಪ್ರಕೃತಿ ವಿಜ್ಞಾನಿ ಹೆನ್ರಿ ಲೀ 1875ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಸಂಗತಿಯನ್ನು ದಾಖಲಿಸಿದ್ದಾನೆ: ಪಕ್ಕದ ತೊಟ್ಟಿಯಿಂದ ಮೀನುಗಳು ಒಂದೊಂದಾಗಿ ಕಾಣೆಯಾಗುತ್ತಿದ್ದುದಕ್ಕೆ ಕಾರಣವನ್ನು ಹುಡುಕಿದಾಗ, ಆಕ್ಟೋಪಸ್ ತನ್ನ ತೊಟ್ಟಿಯಿಂದ ಹೊರಬಂದು, ಗೋಡೆಯನ್ನು ದಾಟಿ, ಮೀನನ್ನು ತಿಂದು ಬರುತ್ತಿದ್ದುದು ಪತ್ತೆಯಾಯಿತು. ನ್ಯೂಜಿಲೆಂಡಿನ ನೇಪಿಯರ್ ನಗರದ ರಾಷ್ಟ್ರೀಯ ಮತ್ಸ್ಯಾಲಯದಿಂದ ಇಂಕಿ ಎಂಬ ಆಕ್ಟೋಪಸ್ ತೊಟ್ಟಿಯ ಮುಚ್ಚಳದ ಸಂದಿನಿಂದ ಹೊರಬಿದ್ದು, ನೆಲದ ಮೇಲೆ ತೆವಳಿ, ಸುಮಾರು 50 ಮೀಟರ್ ಉದ್ದದ ಚರಂಡಿ ಕೊಳವೆಯ ಮೂಲಕ ಕಡಲನ್ನು ಸೇರಿದ ಸುದ್ದಿಯು 2016ರಲ್ಲಿ ಲೋಕವನ್ನೆಲ್ಲ ಸುತ್ತಿತು. ನೇಪಿಯರ್ ಕಡಲ ತೀರದ ಊರಾದುದರಿಂದ ಇಂಕಿಗೆ ಚರಂಡಿಯ ಕೊನೆಯಲ್ಲಿ ಕಡಲು ಸಿಕ್ಕಿತು. ಬಯಲುಸೀಮೆಯ ಮನೆಯಲ್ಲಿ ತೊಟ್ಟಿಯನ್ನು ದಾಟಿ ಬಂದ ಆಕ್ಟೋಪಸ್‌ಗೆ ಸಿಗುವುದು ಒಣನೆಲ ಮಾತ್ರ, ಮತ್ತು ಒಣನೆಲದಲ್ಲಿ ಅದು ಹೆಚ್ಚು ಹೊತ್ತು ಬದುಕಲಾರದು. ಹೀಗಾಗಿ ಇದನ್ನು ಸಾಕುವವರು ಮುಚ್ಚಳವನ್ನು ಬಿಗಿಯಾಗಿ ಕೂರಿಸಿ, ಅದರ ಮೇಲೆ ಭಾರವನ್ನಿಟ್ಟು ಅಥವಾ ಕೊಂಡಿ ಹಾಕಿ, ಕೊಳವೆ ಮತ್ತು ತಂತಿಗಳು ಹಾದುಹೋಗುವ ಕಿಂಡಿಗಳನ್ನೂ ಸ್ಪಂಜಿನಿಂದ ಬಿಗಿಯಬೇಕಾಗುತ್ತದೆ.

ಇಂತಹ ಪಲಾಯನಗಳ ಹಿಂದಿರುವುದು ಬರಿಯ ಮೈಯ ಮೆದುತನವಲ್ಲ, ಬುದ್ಧಿ. ಸಾಮಾನ್ಯ ಆಕ್ಟೋಪಸ್‌ನ ದೇಹದಲ್ಲಿ ಸುಮಾರು 50 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಮೂರನೆಯ ಎರಡು ಪಾಲು ತಲೆಯೊಳಗಿನ ಮಿದುಳಿನಲ್ಲಿಲ್ಲದೆ ಎಂಟು ಬಾಹುಗಳಲ್ಲಿ ಹರಡಿವೆ. ಬಾಹುಗಳ ಮೇಲಿನ ಹೀರುಬಟ್ಟಲುಗಳು, ಅಂದರೆ ವಸ್ತುಗಳಿಗೆ ಅಂಟಿಕೊಳ್ಳಲು ನೆರವಾಗುವ ಬಟ್ಟಲಿನಾಕಾರದ ಅಂಗಗಳು, ಮುಟ್ಟಿದ್ದರ ರುಚಿಯನ್ನೂ ಗ್ರಹಿಸುತ್ತವೆ. ಇಟಲಿಯ ನೇಪಲ್ಸ್ ನಗರದಲ್ಲಿ 1872ರಲ್ಲಿ ಸ್ಥಾಪಿತವಾದ ಕಡಲ ಜೀವಶಾಸ್ತ್ರ ಕೇಂದ್ರದಲ್ಲಿ ಗ್ರಾಜಿಯಾನೊ ಫಿಯೊರಿಟೊ ಮತ್ತು ಪಿಯೆತ್ರೊ ಸ್ಕಾಟೊ ನಡೆಸಿ 1992ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಂಪು ಮತ್ತು ಬಿಳಿಯ ಚೆಂಡುಗಳಲ್ಲಿ ಒಂದನ್ನು ಆರಿಸಲು ತರಬೇತಿ ಪಡೆದ ಆಕ್ಟೋಪಸ್‌ಗಳನ್ನು ಬೇರೆ ಆಕ್ಟೋಪಸ್‌ಗಳು ಬರಿದೇ ನೋಡಿ, ತಮ್ಮ ಸರದಿ ಬಂದಾಗ ಅದೇ ಚೆಂಡನ್ನು ಆರಿಸಿದವು. ತಾಯಿಯನ್ನೇ ಕಾಣದೆ ಬೆಳೆಯುವ, ಬದುಕಿನುದ್ದಕ್ಕೂ ಒಂಟಿಯಾಗಿರುವ ಪ್ರಾಣಿಯೊಂದು ನೋಡಿ ಕಲಿಯಬಲ್ಲದೆಂಬುದು ಆಶ್ಚರ್ಯದ ವಿಷಯ. ಅಮೆರಿಕದ ಸಿಯಾಟಲ್ ಮತ್ಸ್ಯಾಲಯದಲ್ಲಿ ಜೆನಿಫರ್ ಮಾಥರ್ ಮತ್ತು ರೋಲೆಂಡ್ ಆಂಡರ್ಸನ್ 1999ರಲ್ಲಿ ವರದಿ ಮಾಡಿದ ಅಧ್ಯಯನದಲ್ಲಿ ಎಂಟು ಆಕ್ಟೋಪಸ್‌ಗಳ ತೊಟ್ಟಿಗಳಲ್ಲಿ ಖಾಲಿ ಮಾತ್ರೆ ಡಬ್ಬಿಗಳನ್ನು ತೇಲಿಬಿಟ್ಟಾಗ, ಎರಡು ಆಕ್ಟೋಪಸ್‌ಗಳು ಡಬ್ಬಿಯ ಮೇಲೆ ನೀರನ್ನು ಚಿಮ್ಮಿ ದೂರ ತಳ್ಳಿ, ನೀರಿನ ಸೆಳೆತದಲ್ಲಿ ಅದು ಮರಳಿ ಬಂದಾಗ ಮತ್ತೆ ಚಿಮ್ಮಿ, ಇದನ್ನೇ ಹಲವು ಬಾರಿ ಮಾಡಿದವು. ಆಹಾರವೂ ಅಲ್ಲದ, ಅಪಾಯವೂ ಅಲ್ಲದ ವಸ್ತುವಿನೊಡನೆ ಹೀಗೆ ನಡೆದುಕೊಳ್ಳುವುದನ್ನು ಆ ವಿಜ್ಞಾನಿಗಳು ಆಟವೆಂದು ಕರೆದರು.

ಕನ್ನಡ ನಾಡಿಗೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. ಹಿಂದೂ ಮಹಾಸಾಗರದ ಬೆಚ್ಚನೆಯ ನೀರಿನಲ್ಲಿ, ಭಾರತದ ಪಶ್ಚಿಮ ಕರಾವಳಿಯಲ್ಲೂ, ಮರಳು ಮತ್ತು ಕೆಸರಿನ ತಳದಲ್ಲಿ ಆಂಫಿಆಕ್ಟೋಪಸ್ ಮಾರ್ಜಿನೇಟಸ್ ಎಂಬ ಪ್ರಭೇದವಿದೆ; ಹವ್ಯಾಸಿಗಳು ಇದನ್ನು ತೆಂಗಿನ ಆಕ್ಟೋಪಸ್ ಎನ್ನುತ್ತಾರೆ. ಇಂಡೊನೇಷ್ಯದ ಕಡಲಿನಲ್ಲಿ ಜನ ಎಸೆದ ತೆಂಗಿನ ಕರಟದ ಹೋಳುಗಳನ್ನು ಇದು ಕೆಸರಿನಿಂದ ಎಬ್ಬಿಸಿ, ಮೈಯಡಿಯಲ್ಲಿ ಒಂದರೊಳಗೊಂದು ಇರಿಸಿಕೊಂಡು, ಬಾಹುಗಳ ಮೇಲೆ ನಿಂತು ದೂರಕ್ಕೆ ಹೊತ್ತೊಯ್ದು, ಬೇಕಾದಾಗ ಎರಡು ಹೋಳುಗಳನ್ನು ಜೋಡಿಸಿ ಅದರೊಳಗೆ ಅಡಗುವುದನ್ನು 2009ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಹೊತ್ತು ನಡೆಯುವಷ್ಟು ಹೊತ್ತು ಕರಟದಿಂದ ಯಾವ ಪ್ರಯೋಜನವೂ ಇಲ್ಲ, ಪ್ರಯೋಜನವೆಲ್ಲ ಮುಂದೆ ಎಂದೋ ಬರುವಂಥದು. ಆದುದರಿಂದಲೇ ಇದನ್ನು ಉಪಕರಣದ ಬಳಕೆಯೆಂದು ಪರಿಗಣಿಸಲಾಯಿತು.

ಈಗ ರಾಜಘಟ್ಟದಲ್ಲಿ ಇಂತಹ ಪ್ರಾಣಿಯೊಂದನ್ನು ಸಾಕಲು ಏನು ಬೇಕು ಎಂಬ ಪ್ರಶ್ನೆಗೆ ಬರಬಹುದು. ಮೊದಲನೆಯದು ಕಡಲ ನೀರು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಸಣ್ಣ ಜಾತಿಯ ಒಂದೇ ಆಕ್ಟೋಪಸ್‌ಗೂ ಕಡಿಮೆಯೆಂದರೆ 200ರಿಂದ 300 ಲೀಟರಿನ ತೊಟ್ಟಿ ಬೇಕಾದುದರಿಂದ, 300 ಲೀಟರಿಗೆ ಸುಮಾರು ಹತ್ತೂವರೆ ಕಿಲೋಗ್ರಾಂ ಉಪ್ಪು ಬೇಕಾಗುತ್ತದೆ. ಅಂಗಡಿಯಲ್ಲಿ ಸಿಗುವ ಕಲ್ಲುಪ್ಪನ್ನು ಕರಗಿಸಿದರೆ ಅದು ಕಡಲ ನೀರಾಗುವುದಿಲ್ಲ. ಉಪ್ಪಿನ ಗದ್ದೆಯಲ್ಲಿ ಹರಳುಗಟ್ಟಿದ ಉಪ್ಪು ಬಹುತೇಕ ಸೋಡಿಯಂ ಕ್ಲೋರೈಡ್ ಮಾತ್ರ. ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್ ಮೊದಲಾದವುಗಳ ಬಹುಪಾಲು ಆ ಉಪ್ಪಿನಲ್ಲಿ ಸೇರಿರುವುದಿಲ್ಲ. ಆದುದರಿಂದ ಇವೆಲ್ಲವನ್ನೂ ಸರಿಯಾದ ಪ್ರಮಾಣದಲ್ಲಿ ಬೆರೆಸಿದ, ಮತ್ಸ್ಯಾಲಯಗಳಿಗೆಂದೇ ತಯಾರಿಸಿದ ಲವಣ ಮಿಶ್ರಣವನ್ನು ಕೊಳ್ಳಬೇಕು. ಅದನ್ನು ಕಲಸುವ ನೀರು ಶುದ್ಧವಾಗಿರಬೇಕು. ಆಳದ ಕೊಳವೆಬಾವಿಗಳನ್ನೇ ನೆಚ್ಚಿರುವ ಈ ತಾಲ್ಲೂಕಿನಲ್ಲಿ ನೀರು ಗಡಸಾಗಿರುವುದರಿಂದ ಆರ್‌ಒ ಯಂತ್ರದಲ್ಲಿ ಶೋಧಿಸಿಯೇ ಬಳಸಬೇಕಾಗುತ್ತದೆ. ಮನೆಬಳಕೆಯ ಆ ಯಂತ್ರವು ಒಂದು ಲೀಟರ್ ಒಳ್ಳೆಯ ನೀರನ್ನು ಕೊಡುವಾಗ ಅದಕ್ಕಿಂತ ಹೆಚ್ಚು ನೀರನ್ನು ಹೊರಕ್ಕೆ ಬಿಡುತ್ತದೆ. ವಾರಕ್ಕೆ ತೊಟ್ಟಿಯ ಐದನೆಯ ಒಂದು ಪಾಲನ್ನಾದರೂ ಬದಲಿಸುವುದಾದರೆ ಪ್ರತಿವಾರ 60 ಲೀಟರ್ ಹೊಸ ಕಡಲನ್ನು ತಯಾರಿಸಬೇಕು. ಕುಡಿಯುವ ನೀರಿಗೆ ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ನೀರು ತಯಾರಾದ ಮಾತ್ರಕ್ಕೆ ತೊಟ್ಟಿ ತಯಾರಾಗುವುದಿಲ್ಲ. ಪ್ರಾಣಿಯ ಮಲಮೂತ್ರ ಮತ್ತು ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯ ಸೇರುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟಾಗಿಯೂ ಮತ್ತೊಂದು ಬಗೆಯವು ನೈಟ್ರೈಟನ್ನು ಅಷ್ಟಾಗಿ ಕೆಡುಕು ಮಾಡದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ, ಮತ್ತು ಈ ಬ್ಯಾಕ್ಟೀರಿಯಗಳು ಕಲ್ಲು, ಮರಳು, ಫಿಲ್ಟರುಗಳ ಮೇಲೆ ನೆಲೆಗೊಳ್ಳಲು ವಾರಗಳು, ಆಕ್ಟೋಪಸ್‌ನಂತಹ ಸೂಕ್ಷ್ಮ ಪ್ರಾಣಿಗೆ ಸಾಕಾಗುವಷ್ಟು ನೆಲೆಗೊಳ್ಳಲು ತಿಂಗಳುಗಳೇ ಬೇಕು. ಹವ್ಯಾಸಿಗಳು ‘ಟ್ಯಾಂಕ್ ಸೈಕಲ್ ಆಗುವುದು’ ಎನ್ನುವುದು ಇದನ್ನೇ. ಆಕ್ಟೋಪಸ್ ಪೂರ್ಣ ಮಾಂಸಾಹಾರಿಯಾಗಿದ್ದು ಬಹುವೇಗವಾಗಿ ಬೆಳೆಯುವುದರಿಂದ ಅಷ್ಟೇ ತೂಕದ ಮೀನಿಗಿಂತ ಹೆಚ್ಚು ಅಮೋನಿಯವನ್ನು ಹೊರಬಿಡುತ್ತದೆ. ಇದಕ್ಕೆ ಫಿಲ್ಟರ್ ಒಂದೇ ಸಾಲದೆ ಪ್ರೋಟೀನ್ ಸ್ಕಿಮ್ಮರ್ ಎಂಬ, ಸಣ್ಣ ಗುಳ್ಳೆಗಳನ್ನೆಬ್ಬಿಸಿ ನೀರಿನ ಕಲ್ಮಶವನ್ನು ನೊರೆಯ ರೂಪದಲ್ಲಿ ಮೇಲಕ್ಕೆತ್ತಿ ತೆಗೆಯುವ ಸಾಧನವೂ ಬೇಕು.

ಎತ್ತರದ ವಿಷಯ ಬರುವುದು ಇಲ್ಲಿ. ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕವನ್ನು ಹಿಡಿದಿಡುತ್ತದೆ: 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಮುದ್ರಮಟ್ಟದ ಸಿಹಿನೀರಿನ ಒಂದು ಲೀಟರಿನಲ್ಲಿ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದಾದರೆ, ಕಡಲ ನೀರಿನಲ್ಲಿ ಆರೂವರೆ ಮಿಲಿಗ್ರಾಂನ ಆಸುಪಾಸು ಮಾತ್ರ. 900 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು ಹತ್ತನೆಯ ಒಂದು ಪಾಲು ಕಡಿಮೆಯಾಗಿರುವುದರಿಂದ ಈ ಆರೂವರೆಯಲ್ಲೂ ಅಷ್ಟು ಪಾಲು ಕಡಿತವಾಗುತ್ತದೆ. ಕಡಲ ಮಟ್ಟಕ್ಕೆ ಹುಟ್ಟಿದ, ಆಮ್ಲಜನಕವನ್ನು ಹಿಡಿಯುವುದರಲ್ಲಿ ಕೆಂಪು ರಕ್ತದಷ್ಟು ಸಮರ್ಥವಲ್ಲದ ನೀಲಿ ರಕ್ತದ ಪ್ರಾಣಿಗೆ ಇದು ಸದಾ ಇರುವ ಕೊರತೆ. ಬಿಸಿಲು ಏರಿದಂತೆ ಕೊರತೆಯೂ ಏರುತ್ತದೆ. ಉಷ್ಣವಲಯದ ಆಕ್ಟೋಪಸ್‌ಗಳಿಗೆ 24ರಿಂದ 27 ಡಿಗ್ರಿಯ ನೀರು ಹಿತವಾದುದು. ದೊಡ್ಡಬಳ್ಳಾಪುರದ ಸುತ್ತಮುತ್ತ ಏಪ್ರಿಲ್ ತಿಂಗಳ ಹಗಲು 35 ಡಿಗ್ರಿಯನ್ನು ಮುಟ್ಟಿದರೆ ಪುಷ್ಯ ಮಾಸದ ರಾತ್ರಿ 15ಕ್ಕೂ ಇಳಿಯುವುದರಿಂದ, ಒಂದೇ ತೊಟ್ಟಿಗೆ ಬೇಸಿಗೆಯಲ್ಲಿ ತಂಪುಗೊಳಿಸುವ ಚಿಲ್ಲರ್ ಯಂತ್ರವೂ ಚಳಿಗಾಲದಲ್ಲಿ ಹೀಟರೂ ಬೇಕಾಗುತ್ತವೆ. ಇವೆಲ್ಲವೂ ವಿದ್ಯುತ್ತನ್ನು ನಂಬಿವೆ. ಕರೆಂಟ್ ಹೋದರೆ ಮಗ್ಗ ನಿಲ್ಲುತ್ತದೆಂಬುದನ್ನು ಈ ತಾಲ್ಲೂಕಿನ ನೇಕಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ; ಆದರೆ ನಿಂತ ಮಗ್ಗವನ್ನು ಕರೆಂಟ್ ಬಂದ ಮೇಲೆ ಮತ್ತೆ ಓಡಿಸಬಹುದು, ಉಸಿರು ಕಟ್ಟಿದ ಪ್ರಾಣಿಯನ್ನು ಎಬ್ಬಿಸಲಾಗದು. ಹೀಗಾಗಿ ಏರ್ ಪಂಪಿಗೆ ಬ್ಯಾಟರಿಯ ಆಸರೆ ಇರಲೇಬೇಕು.

ಬಯಲುಸೀಮೆಯ ಮನೆಯಲ್ಲಿ ಯಾರೂ ನಿರೀಕ್ಷಿಸದ ಮತ್ತೊಂದು ಅಪಾಯವಿದೆ. ಅದು ತಾಮ್ರ. ಆಕ್ಟೋಪಸ್‌ನ ರಕ್ತಕ್ಕೆ ಜೀವವನ್ನು ಕೊಡುವ ಇದೇ ಲೋಹವು ನೀರಿನಲ್ಲಿ ಕರಗಿದ ರೂಪದಲ್ಲಿದ್ದಾಗ, ಅತ್ಯಲ್ಪ ಪ್ರಮಾಣದಲ್ಲಿದ್ದರೂ, ಅದನ್ನು ಕೊಲ್ಲುತ್ತದೆ. ಮೀನುಗಳಿಗೆ ಬರುವ ಬಿಳಿಚುಕ್ಕೆ ರೋಗಕ್ಕೆ ಅಂಗಡಿಯವರು ಕೊಡುವ ಹಲವು ಔಷಧಿಗಳಲ್ಲಿ ತಾಮ್ರವಿರುತ್ತದೆ. ಅಂತಹ ಔಷಧಿಯನ್ನು ಹಿಂದೊಮ್ಮೆ ಹಾಕಿದ್ದ ತೊಟ್ಟಿಯ ಕಲ್ಲು ಮರಳುಗಳಲ್ಲಿ ಅದು ಉಳಿದುಕೊಂಡು ಬಹುಕಾಲದ ನಂತರವೂ ನೀರಿಗೆ ಬಿಡಬಹುದು. ನೀರನ್ನು ತಾಮ್ರದ ಹಂಡೆಯಲ್ಲೋ ಬಿಂದಿಗೆಯಲ್ಲೋ ತುಂಬಿಡುವ ಪದ್ಧತಿ ಹಳೆಯ ಮಂದಿಯ ಆರೋಗ್ಯಕ್ಕೆ ಒಪ್ಪಿದ್ದರೂ ಈ ಪ್ರಾಣಿಗೆ ಒಪ್ಪದು. ದೊಡ್ಡಬಳ್ಳಾಪುರ, ದೇವನಹಳ್ಳಿ ತಾಲ್ಲೂಕುಗಳು ದ್ರಾಕ್ಷಿಯ ಸೀಮೆ. 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯನ್ನು ಪಡೆದ ಬೆಂಗಳೂರು ಬ್ಲೂ ದ್ರಾಕ್ಷಿ ಈ ಭಾಗದ್ದೇ. ಬಳ್ಳಿಗೆ ಬೂಜು ರೋಗ ತಗಲದಂತೆ ಮೈಲುತುತ್ತ ಮತ್ತು ಸುಣ್ಣವನ್ನು ಕಲಸಿ ಸಿಂಪಡಿಸುವ ಬೋರ್ಡೋ ದ್ರಾವಣದ ಮುಖ್ಯ ಅಂಶವೇ ತಾಮ್ರದ ಸಲ್ಫೇಟ್. ದ್ರಾವಣವನ್ನು ಕಲಸಿದ ಬಕೆಟ್ಟಿನಿಂದಲೋ ಸಿಂಪಡಿಸಿ ಬಂದ ಕೈಯಿಂದಲೋ ತೊಟ್ಟಿಗೆ ಸೇರುವ ಅಂಶವು ಎಷ್ಟೇ ಅಲ್ಪವಾದರೂ ಅಪಾಯವೇ.

ಆಹಾರದ ಪ್ರಶ್ನೆಯೂ ಇದಕ್ಕೆ ಹೆಣೆದುಕೊಂಡಿದೆ. ಆಕ್ಟೋಪಸ್‌ನ ಇಷ್ಟದ ಆಹಾರ ಜೀವಂತ ಏಡಿ ಮತ್ತು ಸೀಗಡಿ. ಕಡಲ ಏಡಿಯನ್ನು ಜೀವಂತವಾಗಿ ಇಲ್ಲಿಗೆ ತರಿಸುವುದು ದುಬಾರಿ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ಇನ್ನೂ ಕಷ್ಟ. ಕೆರೆ, ಕಾಲುವೆ, ಗದ್ದೆಬದುಗಳಲ್ಲಿ ಸಿಗುವ ಸಿಹಿನೀರಿನ ಏಡಿಯನ್ನು ಕೊಡಬಹುದಾದರೂ ಅದು ಯಾವ ತೋಟದ ಬಸಿನೀರಿನಲ್ಲಿ ಬೆಳೆದುದೆಂಬುದನ್ನು ತಿಳಿಯುವ ಮಾರ್ಗವಿಲ್ಲ.

ತೊಟ್ಟಿಯಲ್ಲಿ ಜೊತೆಗಾರರನ್ನು ಇಡುವಂತಿಲ್ಲ. ಮೀನನ್ನಿಟ್ಟರೆ ಆಕ್ಟೋಪಸ್ ಅದನ್ನು ತಿನ್ನುತ್ತದೆ, ಇಲ್ಲವೇ ಮೀನು ಇದರ ಮೈಯನ್ನು ಕಚ್ಚುತ್ತದೆ. ಇನ್ನೊಂದು ಆಕ್ಟೋಪಸ್ ಇಟ್ಟರೆ ಒಂದು ಇನ್ನೊಂದನ್ನು ತಿನ್ನುವ ಸಂಭವವಿದೆ. ಬೆದರಿದಾಗ ಅದು ಉಗುಳುವ ಕಪ್ಪು ಮಸಿಯು ವಿಶಾಲವಾದ ಕಡಲಿನಲ್ಲಿ ಶತ್ರುವಿನ ಕಣ್ಣಿಗೆ ಪರದೆಯಾಗಿ ಕ್ಷಣದಲ್ಲಿ ಚದರಿಹೋಗುತ್ತದೆ. ಮುಚ್ಚಿದ ತೊಟ್ಟಿಯಲ್ಲಿ ಅದೇ ಮಸಿ ನೀರನ್ನು ಕೆಡಿಸಿ, ಕಿವಿರುಗಳಿಗೆ ಅಂಟಿ, ಉಗುಳಿದ ಪ್ರಾಣಿಗೇ ಮುಳುವಾಗುವುದುಂಟು. ಮಲ್ಪೆಯಿಂದಲೋ ಮಂಗಳೂರಿನಿಂದಲೋ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ರಾತ್ರಿಯಿಡೀ ಘಟ್ಟವನ್ನು ಹತ್ತಿ ಬರುವ ಪ್ರಯಾಣದಲ್ಲಿ ಬೆದರಲು ಕಾರಣಗಳಿಗೆ ಕೊರತೆಯಿಲ್ಲ, ಮತ್ತು ಚೀಲದೊಳಗೆ ಮಸಿ ಬಿದ್ದರೆ ಅದು ಜೀವಂತವಾಗಿ ತಲಪುವ ಆಸೆಯನ್ನು ಬಿಡಬೇಕು.

ಇಷ್ಟೆಲ್ಲವನ್ನೂ ಹಣ ಮತ್ತು ಶ್ರದ್ಧೆಗಳಿಂದ ನಿಭಾಯಿಸಬಲ್ಲವರು ಇರಬಹುದು. ನಿಭಾಯಿಸಲಾಗದ ಒಂದು ಸಂಗತಿಯೆಂದರೆ ಆಕ್ಟೋಪಸ್‌ನ ಆಯುಸ್ಸು. ಸಣ್ಣ ಪ್ರಭೇದಗಳು ಒಂದು ವರ್ಷದೊಳಗೇ ತೀರಿಕೊಳ್ಳುತ್ತವೆ. ಸಾಮಾನ್ಯ ಆಕ್ಟೋಪಸ್ ಒಂದರಿಂದ ಎರಡು ವರ್ಷ ಬದುಕುತ್ತದೆ. ಲೋಕಪ್ರಸಿದ್ಧವಾದ ಪಾಲ್ ವೃತ್ತಿಪರರ ಆರೈಕೆಯಲ್ಲಿದ್ದೂ ತನ್ನ ಕೀರ್ತಿಯ ವರ್ಷದ ಅಕ್ಟೋಬರ್ 26ರಂದು, ಮೂರು ವರ್ಷ ತುಂಬುವ ಮೊದಲೇ ಸತ್ತಿತು. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಬೇಟೆಯನ್ನು ಬಿಟ್ಟು, ಮೊಟ್ಟೆಗಳ ಮೇಲೆ ನೀರನ್ನು ಬೀಸುತ್ತಾ, ಅವುಗಳನ್ನು ಶುಚಿಗೊಳಿಸುತ್ತಾ ಕೂತು, ಮರಿಗಳು ಹೊರಬರುವ ಹೊತ್ತಿಗೆ ಸವೆದು ಸಾಯುತ್ತದೆ; ಗಂಡು ಕೂಡ ಕೂಡಿದ ಕೆಲವು ತಿಂಗಳಲ್ಲಿ ಕ್ಷೀಣಿಸುತ್ತದೆ. ಜೆರೋಮ್ ವೊಡಿನ್‌ಸ್ಕಿ ಎಂಬ ವಿಜ್ಞಾನಿಯು ಕಣ್ಣುಗಳ ಹಿಂಭಾಗದಲ್ಲಿರುವ ದೃಕ್ ಗ್ರಂಥಿಗಳನ್ನು ಶಸ್ತ್ರಕ್ರಿಯೆಯಿಂದ ತೆಗೆದಾಗ ತಾಯಿ ಆಕ್ಟೋಪಸ್ ಮೊಟ್ಟೆಗಳನ್ನು ತೊರೆದು, ಮತ್ತೆ ತಿನ್ನತೊಡಗಿ, ಹೆಚ್ಚು ಕಾಲ ಬದುಕಿದುದನ್ನು 1977ರಲ್ಲಿ ತೋರಿಸಿದನು. ಸಾವು ಆರೈಕೆಯ ಕೊರತೆಯಿಂದಲ್ಲ, ದೇಹದೊಳಗಿನ ಗ್ರಂಥಿಯ ಆಜ್ಞೆಯಿಂದಲೇ ಬರುತ್ತದೆಂಬುದು ಇದರ ಅರ್ಥ. ಅಂಗಡಿಯಲ್ಲಿ ಮಾರಾಟಕ್ಕೆ ಬರುವ ಆಕ್ಟೋಪಸ್ ಬಹುತೇಕ ಕಡಲಿನಿಂದ ಹಿಡಿದದ್ದೇ ಆಗಿರುತ್ತದೆ ಮತ್ತು ಹಿಡಿಯುವಾಗ ಅದರ ಬದುಕಿನ ಅರ್ಧಕ್ಕಿಂತ ಹೆಚ್ಚು ಕಳೆದಿರಬಹುದು. ಆರು ತಿಂಗಳು ತೊಟ್ಟಿಯನ್ನು ಹದಗೊಳಿಸಿದವನಿಗೆ ಮೂರು ತಿಂಗಳ ಒಡನಾಟ ಸಿಕ್ಕರೆ ಅದನ್ನು ಅಪರೂಪವೆನ್ನುವಂತಿಲ್ಲ.

ಮನೆಯವರ ಸುರಕ್ಷತೆಯ ಮಾತನ್ನೂ ಇಲ್ಲಿ ಹೇಳಬೇಕು. ಹಿಂದೂ ಮತ್ತು ಪೆಸಿಫಿಕ್ ಸಾಗರಗಳಲ್ಲಿ ಕಾಣುವ ನೀಲಿ ಉಂಗುರದ ಆಕ್ಟೋಪಸ್‌ನಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ವಿಷವಿದ್ದು, ಅದು ಕಚ್ಚಿದರೆ ಉಸಿರಾಟದ ಸ್ನಾಯುಗಳು ನಿಶ್ಚೇಷ್ಟಿತವಾಗುತ್ತವೆ, ಇದಕ್ಕೆ ಪ್ರತಿವಿಷವಿಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ, ನೋಡಲು ಅತ್ಯಂತ ಚೆಲುವಾದ ಈ ಪ್ರಾಣಿಯನ್ನು ಯಾರೂ ಯಾವ ಕಾರಣಕ್ಕೂ ಮನೆಗೆ ತರಬಾರದು.

ನೋವಿನ ಪ್ರಶ್ನೆಯನ್ನು ಬಿಟ್ಟು ಈ ವಿಷಯವನ್ನು ಮುಗಿಸಲಾಗದು. ಐರೋಪ್ಯ ಒಕ್ಕೂಟವು 2010ರ ನಿರ್ದೇಶನದಲ್ಲಿ ಪ್ರಯೋಗಶಾಲೆಯ ಪ್ರಾಣಿಗಳಿಗೆ ನೀಡಿದ ರಕ್ಷಣೆಯನ್ನು ಶಿರಪಾದಿಗಳಿಗೂ ವಿಸ್ತರಿಸಿತು. ಲಂಡನ್ನಿನ ವಿದ್ವಾಂಸರ ತಂಡವೊಂದು 300ಕ್ಕೂ ಹೆಚ್ಚು ವೈಜ್ಞಾನಿಕ ಅಧ್ಯಯನಗಳನ್ನು ಪರಿಶೀಲಿಸಿ 2021ರಲ್ಲಿ ಕೊಟ್ಟ ವರದಿಯ ಮೇರೆಗೆ, ಬ್ರಿಟನ್ನಿನ 2022ರ ಕಾನೂನು ಆಕ್ಟೋಪಸ್‌ಗಳನ್ನು ಸುಖದುಃಖಗಳನ್ನು ಅನುಭವಿಸಬಲ್ಲ ಜೀವಿಗಳ ಪಟ್ಟಿಗೆ ಸೇರಿಸಿತು. ಭಾರತದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ಇದಕ್ಕಿಂತ ಬಹಳ ಮೊದಲೇ, ಬೆನ್ನುಮೂಳೆ ಇದ್ದವು ಇಲ್ಲದವು ಎಂಬ ಭೇದವನ್ನೆಣಿಸದೆ, ಮನುಷ್ಯನ ಹೊರತಾದ ಯಾವುದೇ ಜೀವಿಯನ್ನೂ ಪ್ರಾಣಿಯೆಂದು ವ್ಯಾಖ್ಯಾನಿಸಿದೆ, ಮತ್ತು ಚಲಿಸಲು ತಕ್ಕಷ್ಟು ಅವಕಾಶವಿಲ್ಲದ ಗೂಡಿನಲ್ಲಿ ಪ್ರಾಣಿಯನ್ನು ಇಡುವುದನ್ನು ಹಿಂಸೆಯೆಂದಿದೆ. ಈ ವ್ಯಾಖ್ಯಾನದ ಔದಾರ್ಯವು ಹೆಮ್ಮೆಪಡಬೇಕಾದಂಥದು. ಆಡಲು, ಹುಡುಕಲು, ಅಡಗಲು, ಒಗಟು ಬಿಡಿಸಲು ಮನಸ್ಸುಳ್ಳ ಪ್ರಾಣಿಗೆ ನಾಲ್ಕು ಅಡಿಯ ಗಾಜಿನ ತೊಟ್ಟಿಯು ತಕ್ಕಷ್ಟು ಅವಕಾಶವೇ ಎಂಬ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ‘ಅಲ್ಲ’ ಎಂಬುದೇ. ಅದನ್ನು ಸಾಕಬೇಕೆನ್ನಿಸಲು ಕಾರಣವಾದ ಗುಣಗಳೇ ಅದನ್ನು ಸಾಕಬಾರದೆಂಬುದಕ್ಕೂ ಕಾರಣಗಳಾಗಿವೆ. ಕಡಲಿನಿಂದ 300 ಕಿಲೋಮೀಟರ್ ಒಳಗೆ, 900 ಮೀಟರ್ ಮೇಲೆ ಇರುವ ರಾಜಘಟ್ಟದಂತಹ ಊರುಗಳ ಮಟ್ಟಿಗಂತೂ ಈ ತೀರ್ಮಾನದಲ್ಲಿ ಅನುಮಾನಕ್ಕೆ ಎಡೆಯಿಲ್ಲ.

ಹಾಗೆಂದು ಈ ಊರಿನ ಹವ್ಯಾಸಿಗೆ ಬೇರೆ ದಾರಿಗಳಿಲ್ಲವೆಂದಲ್ಲ. ಹತ್ತಿರದ ಹೆಸರಘಟ್ಟದಲ್ಲಿ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಸಂಶೋಧನಾ ಕೇಂದ್ರವಿದೆ. ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ 1983ರಲ್ಲಿ ಆರಂಭವಾದ ಸರ್ಕಾರಿ ಮತ್ಸ್ಯಾಲಯವಿದೆ. ಸಿಹಿನೀರಿನ ತೊಟ್ಟಿಯನ್ನು ಚೆನ್ನಾಗಿ ನಡೆಸುವುದು ಕೂಡ ಕಡಿಮೆ ಕೌಶಲದ ಕೆಲಸವಲ್ಲ, ಮತ್ತು ಮನೆಯ ಮಕ್ಕಳಿಗೆ ನೀರಿನ ರಸಾಯನಶಾಸ್ತ್ರವನ್ನು ಕಲಿಸಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಆಕ್ಟೋಪಸ್‌ನ ವಿಷಯದಲ್ಲೇ ಆಸಕ್ತಿ ಆಳವಾಗಿದ್ದರೆ, 1969ರಲ್ಲಿ ದೇಶದ ಮೊದಲ ಮೀನುಗಾರಿಕೆ ಕಾಲೇಜಾಗಿ ಆರಂಭವಾದ ಮಂಗಳೂರಿನ ಕಾಲೇಜು, 1947ರಲ್ಲಿ ಸ್ಥಾಪಿತವಾದ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಮಂಗಳೂರು ಮತ್ತು ಕಾರವಾರದ ಕೇಂದ್ರಗಳು, ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇವೆಲ್ಲ ಕನ್ನಡ ನಾಡಿನಲ್ಲೇ ಇವೆ. ದ್ರಾಕ್ಷಿ ಬೆಳೆಯುವವರ, ಮಗ್ಗ ನಡೆಸುವವರ ಮನೆಯ ಮಕ್ಕಳಿಗೂ ಅವುಗಳ ಬಾಗಿಲು ತೆರೆದಿದೆ. ಕಾಪುವಿನ ಬಂಡೆಗಳಲ್ಲಿ, ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಕಡಲು ಇಳಿದಾಗ ಕಲ್ಲಿನ ಪೊಟರೆಗಳಲ್ಲಿ ನಿಲ್ಲುವ ನೀರನ್ನು ಅಲುಗಾಡದೆ ಕೂತು ನೋಡುವವರಿಗೆ ಏಡಿ, ಚಿಪ್ಪುಜೀವಿ, ಕಡಲ ಹೂವುಗಳು ಕಾಣಸಿಗುತ್ತವೆ. ಆಕ್ಟೋಪಸ್ ಅಡಗುವುದೂ ಇಂತಹ ಸಂದುಗಳಲ್ಲೇ. ಕಂಡರೆ ಕೈಹಾಕದೆ ನೋಡಬೇಕು.

ಈಗಾಗಲೇ ಆಕ್ಟೋಪಸ್ ಒಂದನ್ನು ತಂದು, ಅದನ್ನು ಉಳಿಸಿಕೊಳ್ಳಲಾಗದೆ ಕೈಚೆಲ್ಲಿರುವವರು ಯಾರಾದರೂ ಇದ್ದಲ್ಲಿ ಅವರಲ್ಲಿ ಒಂದೇ ಕೋರಿಕೆ: ಸಾಯಲಿರುವ ಪ್ರಾಣಿಗೆ ಬಿಡುಗಡೆ ಕೊಟ್ಟೆವೆಂಬ ಸಮಾಧಾನಕ್ಕಾಗಿ ಅದನ್ನು ಊರ ಕೆರೆಗೋ ಬಾವಿಗೋ ಬಿಡಬಾರದು, ಕಡಲ ಪ್ರಾಣಿಗಳ ಪಾಲನೆಯನ್ನು ಬಲ್ಲವರನ್ನು ತಡಮಾಡದೆ ಕೇಳಬೇಕು. ಸಿಹಿನೀರಿನಲ್ಲಿ ಬದುಕುವ ಆಕ್ಟೋಪಸ್ ಪ್ರಭೇದ ಜಗತ್ತಿನಲ್ಲಿ ಒಂದೂ ಇಲ್ಲ.